ಕರಿ ಬೀರು ರಕ್ತ ಕೊಡುತ್ತದೆಯೇ? (ಹ್ಯಾರಿಸನ್ ಪತ್ರ – 17)



ಹೋದ ಕಂತಿನಲ್ಲಿ ಪಸೇಕ್ ನದಿ ದಂಡೆಯ ಹಳೇ ಕಾರ್ಖಾನೆಗಳ ಬಗ್ಗೆ ಬರೆಯುವಾಗ ನೆವಾರ್ಕಿನ ಬೀರು ಕಂಪನಿಗಳ ಹೆಸರು ಒಂದು ಸಾಲಿನಲ್ಲಿ ಬಂದುಹೋಗಿತ್ತು. ಉಳಿದ ನೂರು ಸಾಲು ಬಿಟ್ಟು ಎಲ್ಲರೂ ಆ ಒಂದು ಸಾಲನ್ನೇ ಹಿಡಿದುಕೊಂಡಿರಿ. ಸಂತೋಷ! ಕಮೆಂಟುಗಳೆಲ್ಲ ತಮಾಷೆಯವು. ಆದರೆ ಇನ್‌ಬಾಕ್ಸಿಗೆ ಬಂದ ಒಂದು ಪ್ರಶ್ನೆ ತಮಾಷೆಯದಲ್ಲ. ಊರಿನ ಅಕ್ಕ ಒಬ್ಬರು ಕೇಳಿದ್ದಾರೆ. ಅವರ ಮಗಳು ಬಾಣಂತಿ, ಹಿಮೋಗ್ಲೋಬಿನ್ 8.4 ಬಂದಿದೆ. ದುಬೈನಿಂದ ಬಂದ ನೆಂಟರು ಕರಿ ಬೀರಿನ ಡಬ್ಬಿಗಳನ್ನು ಕೊಟ್ಟು, "ದಿನಾ ಅರ್ಧ ಲೋಟ ಕುಡಿಸಿ, ರಕ್ತ ಆಗುತ್ತೆ, ಎದೆಹಾಲೂ ಬರುತ್ತೆ, ಫಾರಿನ್‌ನಲ್ಲಿ ಆಸ್ಪತ್ರೆಯಲ್ಲೇ ಕೊಡ್ತಾರೆ" ಅಂದಿದ್ದಾರಂತೆ. "ನೀನು ಅಲ್ಲೇ ನರ್ಸ್ ಆಗಿದ್ದೀಯಲ್ಲ, ನಿಜವಾ?"

ಅಕ್ಕನಿಗೆ ಅವತ್ತೇ ಉತ್ತರ ಬರೆದೆ: ಬೇಡ, ಕೊಡಬೇಡಿ. ಕಾರಣವನ್ನು ಲೆಕ್ಕ ಸಮೇತ ಕೆಳಗೆ ಹೇಳುತ್ತೇನೆ. ಆದರೆ ಆ ನೆಂಟರ ಮಾತಿನಲ್ಲಿ ಒಂದು ತುಣುಕು ನಿಜ ಇದೆ, ಅದೇ ನನಗೆ ಕುತೂಹಲ. ಆಸ್ಪತ್ರೆಯಲ್ಲಿ ಕೊಡುತ್ತಿದ್ದದ್ದು ಹೌದು. ಒಂದು ಕಾಲದಲ್ಲಿ ರೋಗಿಗೂ ಕೊಡುತ್ತಿದ್ದರು, ನರ್ಸಿಗೂ ಕೊಡುತ್ತಿದ್ದರು. ಕೂಲಿಯಾಳುಗಳ ಕರಿ ಬೀರು ಔಷಧಿ ಅನ್ನಿಸಿಕೊಂಡದ್ದು ಹೇಗೆ ಅನ್ನುವುದೇ ಈ ವಾರದ ಕಥೆ.

ಮೊದಲು ಆ ಕಪ್ಪು ಬಣ್ಣದ ವಿಷಯ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಮಗುವಿಗೆ ರಾಗಿ ಸರಿ ಮಾಡುವಾಗ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತೇವಲ್ಲ, ಬಾರ್ಲಿಗೂ ಹೆಚ್ಚುಕಡಿಮೆ ಅದೇ ಉಪಚಾರ ಮಾಡಿದರೆ ಅದು ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗಿ ಸಿಹಿ ತಿಳಿ ಬರುತ್ತದೆ. ಸೋಸಿ, ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಸಕ್ಕರೆ ಆಲ್ಕೊಹಾಲ್ ಆಗುತ್ತದೆ. ಎಲ್ಲ ಬೀರಿಗೂ ಇದೇ ದಾರಿ. ಹುರಿಯುವುದು ಎಷ್ಟು ಅನ್ನುವುದರಲ್ಲಿ ಮಾತ್ರ ಬಣ್ಣ. ಕಾಫಿ ಬೀಜ ಹಸಿರಾಗಿದ್ದಾಗ ಯಾರೂ ಅದನ್ನು ದುರ್ಬಲ ಅನ್ನುವುದಿಲ್ಲ, ಕಪ್ಪಗೆ ಹುರಿದಾಗ ಅದಕ್ಕೆ ಹೊಸ ಶಕ್ತಿಯೇನೂ ಬರುವುದಿಲ್ಲ. ಇಲ್ಲೂ ಹಾಗೇ.

1720ರ ದಶಕದ ಲಂಡನ್. ಹಡಗಿನಿಂದ ಮೂಟೆ ಇಳಿಸುವವರು, ಬೀದಿಯಲ್ಲಿ ಹೊರೆ ಹೊರುವವರು – ನಮ್ಮ ಕೆ.ಆರ್. ಮಾರ್ಕೆಟಿನ ಹಮಾಲಿಗಳ ಥರದವರು – ಅವರಿಗೆ ಇಂಗ್ಲಿಷಿನಲ್ಲಿ ಪೋರ್ಟರ್ ಅಂತ ಹೆಸರು. ಅವರು ಇಷ್ಟಪಟ್ಟು ಕುಡಿಯುತ್ತಿದ್ದ ಕಂದು ಬೀರಿಗೂ ಅದೇ ಹೆಸರು ಅಂಟಿತು. ಕಂದು ಮಾಲ್ಟ್ ಅಗ್ಗ. ಹೊಗೆ ವಾಸನೆ, ಕಹಿ ಎರಡೂ ಇರುತ್ತಿತ್ತು. ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಇಟ್ಟರೆ ಹದವಾಗುತ್ತಿತ್ತು. ಇಡೀ ದಿನ ಹೊರೆ ಹೊತ್ತವನಿಗೆ ಹೊಟ್ಟೆಗೂ ಆಯಿತು, ಗಂಟಲಿಗೂ ಆಯಿತು. ಇದರಲ್ಲಿ ಹೆಚ್ಚು ಗಟ್ಟಿಯಾದದ್ದನ್ನು ಸ್ಟೌಟ್ ಪೋರ್ಟರ್ ಅನ್ನುತ್ತಿದ್ದರು. ಸ್ಟೌಟ್ ಅಂದರೆ ಗಟ್ಟಿಮುಟ್ಟು. ಬರುಬರುತ್ತಾ ಪೋರ್ಟರ್ ಬಿದ್ದುಹೋಗಿ ಸ್ಟೌಟ್ ಒಂದೇ ಉಳಿಯಿತು. ಇವತ್ತಿಗೂ ಪೋರ್ಟರ್ ಯಾವುದು ಸ್ಟೌಟ್ ಯಾವುದು ಅಂತ ಗೆರೆ ಎಳೆಯಲು ಹೋದವರೆಲ್ಲ ಜಗಳದಲ್ಲಿ ಮುಗಿಸುತ್ತಾರೆ.

ಪೋರ್ಟರ್ ವ್ಯಾಪಾರ ಎಷ್ಟು ದೊಡ್ಡದಾಯಿತೆಂದರೆ ಬ್ರೂವರಿಗಳು ಮನೆಯಷ್ಟು ಎತ್ತರದ ಮರದ ತೊಟ್ಟಿಗಳನ್ನು ಕಟ್ಟಿಸಿದವು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಹತ್ತಿರದ ಹಾರ್ಸ್ ಶೂ ಬ್ರೂವರಿಯಲ್ಲಿ ಅಂಥದ್ದೊಂದು ತೊಟ್ಟಿ ಒಡೆದು, ಪೋರ್ಟರ್ ಪ್ರವಾಹ ಹಿಂದಿನ ಬಡವರ ಕೇರಿಗೆ ನುಗ್ಗಿತು. ಎಂಟು ಜನ ಸತ್ತರು, ಎಲ್ಲ ಹೆಂಗಸರು ಮಕ್ಕಳೇ. ಒಂದು ಮನೆಯಲ್ಲಿ ಸಾವಿನ ಜಾಗರಣೆಗೆ ಕೂತಿದ್ದವರೇ ಸತ್ತರು.

ಇನ್ನು ಬಣ್ಣದ ಗುಟ್ಟು. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂದ ಮೇಲೆ ಬ್ರೂವರಿಯವರಿಗೆ ಒಂದು ಗೊತ್ತಾಯಿತು: ಕಂದು ಮಾಲ್ಟ್ ಅಗ್ಗ ನಿಜ, ಆದರೆ ಅದರಲ್ಲಿ ಸಕ್ಕರೆ ಇಳುವರಿ ಕಡಿಮೆ. ತಿಳಿ ಮಾಲ್ಟಿನಲ್ಲಿ ಮಾಡಿದರೇ ಲಾಭ. ಆದರೆ ಗಿರಾಕಿಗೆ ಕಪ್ಪೇ ಬೇಕು! ಸುಟ್ಟ ಸಕ್ಕರೆ ಬೆರೆಸುವುದನ್ನು ಸರ್ಕಾರ 1816ರಲ್ಲಿ ನಿಲ್ಲಿಸಿತು. ಮರುವರ್ಷ, 1817ರಲ್ಲಿ, ಡೇನಿಯಲ್ ವೀಲರ್ ಎಂಬಾತ ಕಾಫಿ ಹುರಿಯುವ ಹಾಗೆ ಉರುಳೆಯೊಳಗೆ ಮಾಲ್ಟನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಅಲ್ಲಿಂದ ಮುಂದೆ ಬಹುಪಾಲು ತಿಳಿ ಮಾಲ್ಟ್, ಒಗ್ಗರಣೆಯಷ್ಟು ಕರಿ ಮಾಲ್ಟ್. ಇವತ್ತಿನ ಗಿನ್ನೆಸ್‌ನಲ್ಲೂ ಕಪ್ಪಗೆ ಹುರಿದ ಬಾರ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ಅಂದರೆ ಆ ಕಪ್ಪಿನಲ್ಲಿ ಸತ್ವ, ಕಬ್ಬಿಣ ಅಂತ ಜನ ಕಾಣುವುದೆಲ್ಲ ಸೀದ ಕಾಳಿನ ಬಣ್ಣ.

ಇದನ್ನು ಓದಿ ತಿಳಿದದ್ದು ಬೇರೆ, ನಾಲಿಗೆಯಲ್ಲಿ ನೋಡುವುದು ಬೇರೆ. ಹೋದ ಭಾನುವಾರ ಅಪರೂಪಕ್ಕೆ ನಾಲ್ವರು ನರ್ಸುಗಳಿಗೆ ಒಟ್ಟಿಗೆ ರಜೆ ಸಿಕ್ಕಿತ್ತು: ನಾನು, ಫಿಲಿಪೀನ್ಸಿನ ಗೆಳತಿ, ಇಬ್ಬರು ಮಲಯಾಳಿ ಹುಡುಗಿಯರು. ಪಕ್ಕದ ಕಾರ್ನಿ ಊರಿನ ಅಂಗಡಿಯಿಂದ ಏಳು ಥರದ ಕರಿ ಬೀರು ತಂದು ಸಾಲಾಗಿ ಇಟ್ಟೆವು. (ಕಾರ್ನಿಗೆ ಹತ್ತೊಂಬತ್ತನೇ ಶತಮಾನದಲ್ಲಿ ನೂಲಿನ ಗಿರಣಿ ಕೆಲಸಕ್ಕೆ ಸ್ಕಾಟ್ಲೆಂಡಿನವರು, ಐರ್ಲೆಂಡಿನವರು ಬಂದು ನೆಲೆಸಿದ್ದರು. ಸ್ಟೌಟ್ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೇ ಊರು ಈ ಸುತ್ತಿನಲ್ಲಿಲ್ಲ.) ಅಮ್ಮ ಓದುತ್ತಿದ್ದರೆ ಹೇಳಿಬಿಡುತ್ತೇನೆ: ಒಂದೊಂದು ಬಾಟಲಿಯಿಂದ ಒಬ್ಬೊಬ್ಬರಿಗೆ ನಮ್ಮ ಕಾಫಿ ಲೋಟದಲ್ಲಿ ಕಾಲು ಭಾಗ. ಉಳಿದದ್ದು ಸಿಂಕಿಗೆ ಹೋಯಿತು. ಮಲಯಾಳಿ ಹುಡುಗಿಯರಿಗೆ ಅದೇ ಸಂಕಟ.

ಮೊದಲು ಗಿನ್ನೆಸ್. ಕಣ್ಣಿಗೆ ಗಟ್ಟಿ, ಬಾಯಿಗೆ ತೆಳು. ಮೇಲಿನ ನೊರೆ ಕೆನೆಯ ಹಾಗಿರುವುದು ಅದರಲ್ಲಿ ತುಂಬುವ ನೈಟ್ರೋಜನ್‌ನಿಂದ. ಒಳಗಿರುವುದು ಸಕ್ಕರೆ ಹಾಕದ ತಿಳಿ ಕಾಫಿಯಂಥ ಒಣ ಕಹಿ. ಆಲ್ಕೊಹಾಲ್ ಶೇ 4.2. ಬಂಗಾರದ ಬಣ್ಣದ ಬಡ್‌ವೈಸರ್‌ನಲ್ಲಿ ಶೇ 5! ಕ್ಯಾಲೊರಿಯೂ ಅಷ್ಟೇ, ಒಂದು ಸಣ್ಣ ಬಾಟಲಿಯಷ್ಟಕ್ಕೆ ಗಿನ್ನೆಸ್ 125, ಬಡ್‌ವೈಸರ್ 145. "ಕರಿ ಬೀರು ಅಂದ್ರೆ ಊಟ ಇದ್ದ ಹಾಗೆ" ಅನ್ನುವ ಮಾತು ಇಲ್ಲೇ ಬಿತ್ತು.

ಎರಡನೆಯದು ಪಕ್ಕದ ಪೆನ್ಸಿಲ್ವೇನಿಯಾದ ಯುಂಗ್ಲಿಂಗ್ ಪೋರ್ಟರ್. 1829ರಿಂದ ಪಾಟ್ಸ್‌ವಿಲ್‌ನಲ್ಲಿ ನಡೆಯುತ್ತಿರುವ ಬ್ರೂವರಿ. ಇಂಗ್ಲೆಂಡಿನಲ್ಲೇ ಪೋರ್ಟರ್ ಸತ್ತುಹೋದ ಕಾಲದಲ್ಲೂ ಪೆನ್ಸಿಲ್ವೇನಿಯಾದ ಗಣಿ ಊರುಗಳಲ್ಲಿ ಅದು ಉಳಿದಿತ್ತು. ಸುಟ್ಟ ಬೆಲ್ಲದ ಪರಿಮಳ, ಸಪ್ಪೆಗೆ ಹತ್ತಿರ. ಜಾರ್ಜ್ ವಾಷಿಂಗ್ಟನ್ ಕೂಡ ಪೋರ್ಟರ್ ಪ್ರಿಯ, ಫಿಲಡೆಲ್ಫಿಯಾದ ರಾಬರ್ಟ್ ಹೇರ್ ಎಂಬುವರ ಬ್ರೂವರಿಯಿಂದ ತರಿಸುತ್ತಿದ್ದ.

ಜರ್ಮನಿಯ ಕೊಸ್ಟ್ರಿಟ್ಸರ್ ನನಗೆ ದೊಡ್ಡ ಆಶ್ಚರ್ಯ. ಇದ್ದಿಲಿನಷ್ಟು ಕಪ್ಪು, ಆದರೆ ಕಣ್ಣು ಮುಚ್ಚಿಕೊಂಡು ಕುಡಿದರೆ ಸಾಧಾರಣ ತಿಳಿ ಬೀರೇ ಅನ್ನಿಸುತ್ತದೆ, ಕೊನೆಯಲ್ಲಿ ಮಾತ್ರ ಹುರಿದ ಬ್ರೆಡ್ಡಿನ ನೆನಪು. ನನ್ನ ನರ್ಸಿಂಗ್ ತಂಗಿಯರಿಗೆ ಹೇಳುವುದಾದರೆ, ಬಣ್ಣ ನೋಡಿ ಡಯಾಗ್ನೋಸಿಸ್ ಮಾಡಬೇಡಿ ಅನ್ನುವುದಕ್ಕೆ ಈ ಬಾಟಲಿ ಸಾಕು.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ ನುಣುಪಾಗಿ, ಗಂಜಿಯ ಹಾಗೆ ಜಾರಿ ಇಳಿಯುತ್ತದೆ. ಕೊಲರಾಡೋದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್‌ಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಹಾಕಿರುತ್ತಾರೆ. ಯೀಸ್ಟಿಗೆ ಅದು ಜೀರ್ಣವಾಗುವುದಿಲ್ಲ, ಹಾಗಾಗಿ ಸಿಹಿ ಉಳಿಯುತ್ತದೆ. ಹಾಲು ಹಾಕಿದ ತಣ್ಣನೆಯ ಕಾಫಿ ಅಂದುಕೊಳ್ಳಿ. ನಾಲ್ವರಲ್ಲಿ ಮೂವರು ಇದಕ್ಕೇ ಓಟು ಹಾಕಿದರು. ನನಗೆ ಸಿಹಿ ಜಾಸ್ತಿ ಅನ್ನಿಸಿತು.

ಆರನೆಯದು ನಮ್ಮ ಮನೆ ಪಕ್ಕದ್ದು, ಶ್ರೀಲಂಕಾದ ಲಯನ್ ಸ್ಟೌಟ್. ನುವಾರ ಎಲಿಯದ ಚಳಿಯಲ್ಲಿ, ಟೀ ತೋಟದ ಬ್ರಿಟಿಷರಿಗಾಗಿ ಶುರುವಾದ ಬ್ರೂವರಿಯ ಮಾಲು. ಶೇ 8.8. ಒಣ ದ್ರಾಕ್ಷಿ, ಬೆಲ್ಲದ ಪಾಕ, ಸುಟ್ಟ ತೆಂಗಿನಕಾಯಿ – ಇದರಲ್ಲಿ ನನಗೆ ಊರಿನ ಅಡುಗೆಮನೆ ಕಂಡಿತು. ಏಳನೆಯದು ನದಿಯಾಚೆಯ ಬ್ರೂಕ್ಲಿನ್ ಬ್ಲ್ಯಾಕ್ ಚಾಕಲೇಟ್ ಸ್ಟೌಟ್, ಶೇ 10. ಹೆಸರಿನಲ್ಲಿರುವ ಚಾಕಲೇಟ್ ಬಾಟಲಿಯೊಳಗಿಲ್ಲ, ಆ ರುಚಿಯೆಲ್ಲ ಹುರಿದ ಮಾಲ್ಟಿನದು. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ಅರಮನೆಗೆ ಕಳಿಸುತ್ತಿದ್ದ ಗಟ್ಟಿ ಸ್ಟೌಟಿನ ವಂಶ ಇದು. ಇದನ್ನು ಕುಡಿಯಬಾರದು, ಚಪ್ಪರಿಸಬೇಕು.

ಏಳೂ ಒಂದೇ ಕಪ್ಪು. ಆಲ್ಕೊಹಾಲ್ ಮಾತ್ರ ಶೇ 4.2ರಿಂದ 10. ಒಂದರ ಅರ್ಧ ಲೋಟ ಇನ್ನೊಂದರ ಒಂದು ಲೋಟಕ್ಕಿಂತ ಜಾಸ್ತಿ ಏರುತ್ತದೆ. "ಕರಿ ಬೀರು ಅರ್ಧ ಲೋಟ" ಅನ್ನುವ ಡೋಸಿಗೆ ಅರ್ಥವೇ ಇಲ್ಲ ಅಂತ ಹೇಳುವುದಕ್ಕೆ ಇಷ್ಟೆಲ್ಲ ಬರೆದೆ.

ಈಗ ಆಸ್ಪತ್ರೆಗೆ ಬರೋಣ. ಬೀರು ಪೌಷ್ಟಿಕ ಅನ್ನುವ ನಂಬಿಕೆ ಸ್ಟೌಟಿಗಿಂತ ಹಳೆಯದು. ಮ್ಯೂನಿಕ್‌ನ ಪಾವ್ಲಾನರ್ ಸನ್ಯಾಸಿಗಳು ಈಸ್ಟರ್ ಹಬ್ಬದ ಮುಂಚಿನ ಉಪವಾಸದಲ್ಲಿ ದಪ್ಪ ಬೀರು ಮಾಡಿಕೊಂಡು ಕುಡಿಯುತ್ತಿದ್ದರು. ಘನ ಆಹಾರಕ್ಕೆ ತಡೆ, ದ್ರವಕ್ಕೆ ಇಲ್ಲ. (ಏಕಾದಶಿಗೆ ಅವಲಕ್ಕಿ ಉಪ್ಪಿಟ್ಟು ತಿನ್ನುವ ನಾವು ನಗುವ ಹಾಗಿಲ್ಲ.) ಕುಡಿಯುವ ನೀರು ಕೆಟ್ಟಿದ್ದ ಊರುಗಳಲ್ಲಿ ಕುದಿಸಿ ಮಾಡಿದ ಬೀರು ನೀರಿಗಿಂತ ಸುರಕ್ಷಿತ ಅನ್ನುವುದೂ ಸುಳ್ಳಲ್ಲ. ನಮ್ಮ ಈ ಪಸೇಕ್ ನದಿಯನ್ನೇ ತೆಗೆದುಕೊಳ್ಳಿ. ಕಾರ್ಖಾನೆ, ಚರಂಡಿ ಎಲ್ಲ ಸೇರುತ್ತಿದ್ದ ಇದರ ನೀರನ್ನೇ ನೆವಾರ್ಕ್ ನಗರ ಕುಡಿಯುತ್ತಿತ್ತು. 1892ರಲ್ಲಿ ದೂರದ ಪಿಕ್ವಾನಾಕ್‌ನಿಂದ ನೀರು ಬಂದ ಮೇಲೆಯೇ ಟೈಫಾಯ್ಡ್ ಸಾವು ಇಳಿದದ್ದು.

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಆಸ್ಪತ್ರೆಗಳಲ್ಲಿ ಪೋರ್ಟರ್ ಊಟದ ಪಟ್ಟಿಯಲ್ಲೇ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ನರ್ಸುಗಳನ್ನು ಕರೆದುಕೊಂಡು ಹೋದಾಗ ಆ ನರ್ಸುಗಳ ದಿನದ ಪಡಿಯಲ್ಲೂ ಪೋರ್ಟರ್ ಇತ್ತು. ದೀಪ ಹಿಡಿದ ಮಹಾತಾಯಿಯ ಪಟದ ಮುಂದೆ ನಿಂತು ಪ್ರತಿಜ್ಞೆ ಮಾಡಿದಾಗ ನಮಗೆ ಇದನ್ನು ಯಾರೂ ಹೇಳಲಿಲ್ಲ ನೋಡಿ.

ಆಮೇಲೆ ಕಂಪನಿಗಳು ಬುದ್ಧಿ ಉಪಯೋಗಿಸಿದವು. ರೋಗಿಗಳಿಗೆ ಅಂತಲೇ ಓಟ್ಸ್ ಸ್ಟೌಟ್ ಬಂತು. ಇಂಗ್ಲೆಂಡಿನ ಮ್ಯಾಕೆಸನ್ ಕಂಪನಿ 1907ರಲ್ಲಿ ಹಾಲಿನ ಸಕ್ಕರೆ ಹಾಕಿದ ಮಿಲ್ಕ್ ಸ್ಟೌಟ್ ತಂದಿತು, ಹಾಲಿನ ಹೆಸರಿನಲ್ಲಿ ಬಲದ ಜಾಹೀರಾತು ಮಾಡಿತು. ಎರಡನೇ ಮಹಾಯುದ್ಧದ ನಂತರ ಆ ಹೆಸರಿನಿಂದ ಹಾಲು ಅನ್ನುವ ಪದವನ್ನೇ ತೆಗೆಯಬೇಕಾಯಿತು. ಆಸ್ಟ್ರೇಲಿಯಾದಲ್ಲಂತೂ ರೋಗಿಗಳ ಸ್ಟೌಟ್ ಅನ್ನುವ ಅರ್ಥದ ಹೆಸರಿನಲ್ಲೇ ಬಾಟಲಿ ಮಾರಿದರು. 1929ರಲ್ಲಿ ಗಿನ್ನೆಸ್ ತನ್ನ ಮೊದಲ ದೊಡ್ಡ ಜಾಹೀರಾತು ಹಾಕಿತು: ಗಿನ್ನೆಸ್ ನಿಮಗೆ ಒಳ್ಳೆಯದು ಅಂತ. ಆಧಾರ ಏನು? ಕುಡಿದವರನ್ನು ಕೇಳಿದಾಗ "ಕುಡಿದರೆ ಹಾಯೆನಿಸುತ್ತದೆ" ಅಂದಿದ್ದರು. ಡಾಕ್ಟರುಗಳ ಹೊಗಳಿಕೆ ಪತ್ರಗಳನ್ನೂ ಸಂಗ್ರಹಿಸಿದರು. ಬ್ರಿಟನ್, ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಆಪರೇಷನ್ ಆದವರಿಗೆ, ಬಾಣಂತಿಯರಿಗೆ ಸ್ಟೌಟ್ ಕೊಡುವುದು ಇಪ್ಪತ್ತನೇ ಶತಮಾನದಲ್ಲೂ ಬಹಳ ಕಾಲ ನಡೆಯಿತು. ಐರ್ಲೆಂಡಿನಲ್ಲಿ ರಕ್ತದಾನ ಮಾಡಿದವರ ಕೈಗೂ ಒಂದು ಲೋಟ ಸಿಗುತ್ತಿತ್ತು. ರಕ್ತ ಕೊಟ್ಟವರಿಗೆ ಕೊಡುವುದು ರಕ್ತ ಆಗುವುದಕ್ಕೇ ಇರಬೇಕು ಅಂತ ಜನ ಅಂದುಕೊಂಡದ್ದರಲ್ಲಿ ತಪ್ಪೇನಿದೆ? ದುಬೈ ನೆಂಟರ ಮಾತಿನ ಬೇರು ಇಲ್ಲಿದೆ.

ಇದರಲ್ಲಿ ವ್ಯಂಗ್ಯ ಒಂದಿದೆ. ಬಿ.ಎಸ್ಸಿ. ನರ್ಸಿಂಗ್ ಓದಿದವರೆಲ್ಲ ಸ್ಟೂಡೆಂಟ್ಸ್ ಟಿ-ಟೆಸ್ಟ್ ಅಂತ ಉರುಹೊಡೆದಿರುತ್ತೀರಿ. ಔಷಧಿ ನಿಜಕ್ಕೂ ಕೆಲಸ ಮಾಡಿತೋ, ಕಾಕತಾಳೀಯವೋ ಅಂತ ಸಣ್ಣ ಸ್ಯಾಂಪಲ್‌ನಲ್ಲಿ ತೂಗಿ ನೋಡುವ ಲೆಕ್ಕ. ಆ ಸ್ಟೂಡೆಂಟ್ ಯಾರು ಗೊತ್ತೇ? ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯ ನೌಕರ ವಿಲಿಯಂ ಸೀಲಿ ಗಾಸೆಟ್. ಕಂಪನಿಯ ಗುಟ್ಟು ಹೊರಗೆ ಹೋಗಬಾರದೆಂದು 1908ರಲ್ಲಿ ಗುಪ್ತನಾಮದಲ್ಲಿ ಪ್ರಕಟಿಸಿದ. ಬಾರ್ಲಿಗೆ ಅಷ್ಟು ಕಟ್ಟುನಿಟ್ಟಾಗಿ ಲೆಕ್ಕ ಹಾಕಿದ ಕಂಪನಿ, ಬಾಣಂತಿಯರ ವಿಷಯಕ್ಕೆ "ಹಾಯೆನಿಸುತ್ತದೆ" ಅನ್ನುವುದನ್ನೇ ಸಾಕು ಮಾಡಿಕೊಂಡಿತು.

ಅಕ್ಕನಿಗೆ ಹೇಳಿದ ಲೆಕ್ಕ ಈಗ. ಒಂದು ಪೈಂಟ್ ಗಿನ್ನೆಸ್‌ನಲ್ಲಿ, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚಿನಲ್ಲಿ, ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದ್ದು ನಮ್ಮ ಐಸಿಎಂಆರ್ ಪ್ರಕಾರ 23 ಮಿಲಿಗ್ರಾಂ. ಎಪ್ಪತ್ತಕ್ಕೂ ಹೆಚ್ಚು ಪೈಂಟ್ ಆಯಿತು! ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಇದೆ, ಅಂದರೆ ಹದಿನೈದು ಪೈಂಟಿನಷ್ಟು. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುವ ಕಬ್ಬಿಣದ ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ, ಇನ್ನೂರು ಪೈಂಟಿನಷ್ಟು. ಅದು ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕಾದ ಮಾತ್ರೆ. ಹೆರಿಗೆ ಆಯಿತಲ್ಲ ಅಂತ ಬೀರುವಿನಲ್ಲಿ ಎಸೆಯುವವರೇ ಹೆಚ್ಚು. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಕಾಫಿ ಟೀಯನ್ನು ಅದರ ಆಚೀಚೆ ಒಂದು ಗಂಟೆ ದೂರ ಇಡಿ. ಮಲ ಕಪ್ಪಗಾದರೆ ಹೆದರಬೇಡಿ. 8.4 ಅಂದರೆ ಮಾತ್ರೆ ಸಾಕೋ, ನರಕ್ಕೆ ಕೊಡುವ ಐರನ್ ಬೇಕೋ ಅಂತ ಡಾಕ್ಟರ್ ನೋಡಬೇಕು, ಆ ಡ್ರಿಪ್ ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡುತ್ತಾರೆ. ಅಕ್ಕ, ಮುಂದಿನ ತಪಾಸಣೆವರೆಗೆ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ.

ಎದೆಹಾಲಿನ ಮಾತೂ ಹಾಗೇ. 1991ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಷಾಂ ಅಳೆದು ನೋಡಿದರು. ತಾಯಿ ಆಲ್ಕೊಹಾಲ್ ಕುಡಿದ ನಂತರದ ಗಂಟೆಗಳಲ್ಲಿ ಹಾಲಿನ ವಾಸನೆ ಬದಲಾಗಿತ್ತು, ಮಕ್ಕಳು ಕುಡಿದ ಹಾಲು ಕಡಿಮೆಯಾಗಿತ್ತು. ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಆಲ್ಕೊಹಾಲ್ ತಡೆಯುತ್ತದೆ. ಹಾಲು ಇಳಿಯದೆ ಉಳಿದಾಗ ಎದೆ ತುಂಬಿದ ಹಾಗೆ ಅನ್ನಿಸುತ್ತದೆ, ಅದನ್ನೇ ಹಾಲು ಹೆಚ್ಚಾಯಿತು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬಾಣಂತಿಗೆ ಕೊಡುವ ಬ್ರಾಂದಿಗೂ ಈ ಮಾತು ಸಲ್ಲುತ್ತದೆ, ಹಿರಿಯರು ಬೇಜಾರು ಮಾಡಿಕೊಳ್ಳಬಾರದು.

ಅಮೆರಿಕದಲ್ಲಿ ಈ ಔಷಧಿ ನಾಟಕ ಇನ್ನೂ ವಿಚಿತ್ರವಾಗಿ ನಡೆಯಿತು, ಅದೂ ನಾನಿರುವ ಜಾಗದ ಸುತ್ತಮುತ್ತಲೇ. ಸ್ಕಾಟ್ಲೆಂಡಿನ ಪೀಟರ್ ಬ್ಯಾಲಂಟೈನ್ 1840ರಲ್ಲಿ ನೆವಾರ್ಕಿಗೆ ಬಂದು ಬೀರು ಮಾಡಲು ಶುರು ಮಾಡಿದ. ಅವನ ಮಗ 1885ರಲ್ಲಿ ಕಟ್ಟಿಸಿದ ಮನೆ ಈಗ ನೆವಾರ್ಕ್ ಮ್ಯೂಸಿಯಂನ ಭಾಗ, ಹೋದ ಬೇಸಿಗೆಯಲ್ಲಿ ಫೋಟೋ ಹಾಕಿದ್ದೆನಲ್ಲ, ಅದೇ. ಜರ್ಮನಿಯಿಂದ ಬಂದ ಕ್ರೂಗರ್, ಫೈಗನ್‌ಸ್ಪಾನ್, ಹೆನ್ಸ್‌ಲರ್ ಕುಟುಂಬಗಳು ಒಂದೊಂದು ಬ್ರೂವರಿ ಕಟ್ಟಿದವು. ನಮ್ಮ ಹ್ಯಾರಿಸನ್‌ನಲ್ಲೇ ಪೀಟರ್ ಹಾಕ್ ಅವರ ಬ್ರೂವರಿ ಇತ್ತು. ಆ ಕಾಲದ ಔಷಧಿ ಅಂಗಡಿಗಳಲ್ಲಿ ಬೀರು ಕಂಪನಿಗಳದ್ದೇ ಕರಿ ಟಾನಿಕ್ ಸಿಗುತ್ತಿತ್ತು. ಬಡ್‌ವೈಸರ್ ಮಾಡುವ ಆನ್‌ಹೈಸರ್-ಬುಷ್‌ನ ಮಾಲ್ಟ್-ನ್ಯೂಟ್ರಿನ್, ಪ್ಯಾಬ್ಸ್ಟ್ ಕಂಪನಿಯ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್. ಗಿರಾಕಿಗಳು ಹೆಚ್ಚಾಗಿ ಬಾಣಂತಿಯರು, ನಿಶ್ಶಕ್ತರು.

1920ರ ಜನವರಿಯಲ್ಲಿ ಇಡೀ ದೇಶಕ್ಕೆ ಪಾನನಿಷೇಧ ಬಂತು. ನ್ಯೂಜೆರ್ಸಿಗೆ ಇದು ಇಷ್ಟವೇ ಇರಲಿಲ್ಲ, 1919ರಲ್ಲಿ ಎಡ್ವರ್ಡ್ ಎಡ್ವರ್ಡ್ಸ್ ಗವರ್ನರ್ ಚುನಾವಣೆ ಗೆದ್ದದ್ದೇ ನಿಷೇಧವನ್ನು ವಿರೋಧಿಸುತ್ತೇನೆ ಅಂತ. ಆಗ ಒಂದು ಕಿಂಡಿ ಸಿಕ್ಕಿತು: ಔಷಧಿ. 1921ರ ಮಾರ್ಚಿನಲ್ಲಿ ಅಟಾರ್ನಿ ಜನರಲ್ ಮಿಚೆಲ್ ಪಾಮರ್, ಡಾಕ್ಟರು ಚೀಟಿ ಬರೆದರೆ ಬೀರನ್ನೂ ಔಷಧಿಯಾಗಿ ಕೊಡಬಹುದು ಅಂತ ಅಭಿಪ್ರಾಯ ಕೊಟ್ಟ. ಬೀರಿಗೆ ಪ್ರಿಸ್ಕ್ರಿಪ್ಷನ್! ನಿಷೇಧದ ಪರ ಇದ್ದವರು ರೊಚ್ಚಿಗೆದ್ದರು. ಅದೇ ವರ್ಷ ನವೆಂಬರಿನಲ್ಲಿ ವಿಲ್ಲಿಸ್-ಕ್ಯಾಂಪ್‌ಬೆಲ್ ಕಾಯ್ದೆ ಮಾಡಿ ಬೀರಿನ ಚೀಟಿಯನ್ನು ನಿಲ್ಲಿಸಿದರು. ವಿಸ್ಕಿ ಚೀಟಿ ಮಾತ್ರ ಮುಂದುವರಿಯಿತು. ಅಮೆರಿಕದ ವೈದ್ಯ ಸಂಘ 1917ರಲ್ಲೇ ಆಲ್ಕೊಹಾಲ್‌ಗೆ ಔಷಧಿ ಗುಣ ಇಲ್ಲ ಎಂದು ನಿರ್ಣಯ ಮಾಡಿತ್ತು. ಚೀಟಿ ಬರೆದರೆ ಫೀಸು ಬರುತ್ತದೆ ಅಂತಾದ ಮೇಲೆ ಎಷ್ಟೋ ಡಾಕ್ಟರುಗಳಿಗೆ ಗುಣ ಮತ್ತೆ ಕಾಣತೊಡಗಿತು. ಇದು ನನ್ನ ಮಾತು, ಸ್ವಲ್ಪ ಕಟುವಾಗಿದ್ದರೂ ಇರಲಿ.

ಹದಿಮೂರು ವರ್ಷದ ಬರ ಮುಗಿದದ್ದು 1933ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಸಣ್ಣ ಬ್ರೂವರಿಗಳು ಬಹುಪಾಲು ಸತ್ತಿದ್ದವು, ಜನರ ನಾಲಿಗೆಯೂ ಬದಲಾಗಿತ್ತು. 1935ರ ಜನವರಿ 24ರಂದು ನೆವಾರ್ಕಿನ ಕ್ರೂಗರ್ ಕಂಪನಿ ಜಗತ್ತಿನಲ್ಲೇ ಮೊದಲ ಬಾರಿಗೆ ಬೀರನ್ನು ತಗಡಿನ ಡಬ್ಬಿಯಲ್ಲಿ ತುಂಬಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಮಾರಿತು. ಡಬ್ಬಿ, ಫ್ರಿಜ್ಜು, ಟೀವಿ ಜಾಹೀರಾತು: ಎಲ್ಲಕ್ಕೂ ಹೊಂದಿದ್ದು ತಿಳಿ, ತಣ್ಣನೆಯ, ರುಚಿ ಕಡಿಮೆಯ ಬೀರು. ಕರಿ ಬೀರು ಮೂಲೆ ಸೇರಿತು. ಬ್ಯಾಲಂಟೈನ್ ಮಾತ್ರ ಗಾಢ ಬಣ್ಣದ ಬರ್ಟನ್ ಏಲ್ ಮಾಡಿ ಹತ್ತಾರು ವರ್ಷ ಮರದ ತೊಟ್ಟಿಯಲ್ಲಿಟ್ಟು, ಮಾರದೆ, ಕ್ರಿಸ್‌ಮಸ್‌ಗೆ ಬೇಕಾದವರಿಗೆ ಉಡುಗೊರೆ ಕೊಡುತ್ತಿತ್ತು. 1972ರಲ್ಲಿ ನೆವಾರ್ಕಿನ ಆ ಬ್ರೂವರಿಯೂ ಮುಚ್ಚಿತು.

ನಮ್ಮ ಬೆಂಗಳೂರಿನಲ್ಲೂ ಕಥೆ ಬೇರೆಯಲ್ಲ. 1809ರಲ್ಲಿ ದಂಡು ಪ್ರದೇಶ ಆದ ಮೇಲೆ ಬಿಳಿ ಸೈನಿಕರು ಬಂದರು. ಹಡಗಿನಲ್ಲಿ ಭಾರತಕ್ಕೆ ಬಂದದ್ದು ಅಂದರೆ ಎಲ್ಲರೂ ಐಪಿಎ ಅನ್ನುವ ತಿಳಿ ಬೀರನ್ನೇ ಹೇಳುತ್ತಾರೆ. ಅದು ಹೆಚ್ಚಾಗಿ ಅಧಿಕಾರಿಗಳದ್ದು, ಸಾಮಾನ್ಯ ಸಿಪಾಯಿಗಳಿಗೆ ಪೀಪಾಯಿಗಟ್ಟಲೆ ಬಂದದ್ದು ಪೋರ್ಟರ್. ಮುಂದೆ ನೀಲಗಿರಿ, ಬೆಂಗಳೂರುಗಳ ತಂಪಿನಲ್ಲೇ ಬ್ರೂವರಿಗಳಾದವು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಅಂಥ ಕೆಲವನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ, ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ದಂಡಿಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಈಗ ಯುಬಿ ಸಿಟಿ ನಿಂತಿರುವುದು ಹಳೇ ಬ್ರೂವರಿಯ ಜಾಗದಲ್ಲೇ. ದಂಡು ಖಾಲಿಯಾಯಿತು, ಸೆಖೆಗೆ ತಣ್ಣನೆಯ ತಿಳಿ ಲಾಗರ್ ಗೆದ್ದಿತು. ನಮ್ಮ ತಾತಂದಿರ ಕಾಲಕ್ಕೆ ಕರಿ ಬೀರು ಅನ್ನುವುದು ಉಳಿದದ್ದು "ಬಲ ಬರುತ್ತೆ" ಅನ್ನುವ ಮಾತಾಗಿ ಮಾತ್ರ. ಕುಡಿಯುವ ವಸ್ತು ಹೋದರೂ ಅದರ ಜಾಹೀರಾತು ಉಳಿದುಕೊಂಡಿತು.

ಮತ್ತೆ ಬಂದದ್ದು ಹೇಗೆ ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ನಾಳೆ ಬೆಳಿಗ್ಗೆ ಆರೂವರೆಗೆ ಡ್ಯೂಟಿ. 1970ರ ದಶಕದ ಮೊದಲಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಪೋರ್ಟರ್ ಮಾಡಿತು. ಮನೆಯಲ್ಲಿ ಬೀರು ಮಾಡಿಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಅಡುಗೆಮನೆಯಲ್ಲಿ ಕಲಿತವರೇ ಮುಂದೆ ಸಣ್ಣ ಬ್ರೂವರಿ ತೆರೆದರು. ಪತ್ರಕರ್ತರಾಗಿದ್ದ ಸ್ಟೀವ್ ಹಿಂಡಿ, ಟಾಮ್ ಪಾಟರ್ ಜೊತೆ 1988ರಲ್ಲಿ ಬ್ರೂಕ್ಲಿನ್ ಬ್ರೂವರಿ ಶುರು ಮಾಡಿದರು. 1994ರಲ್ಲಿ ಗ್ಯಾರೆಟ್ ಆಲಿವರ್ ಅವರಿಗೆ ಮಾಡಿಕೊಟ್ಟದ್ದೇ ನಾವು ಚಪ್ಪರಿಸಿದ ಏಳನೇ ಬಾಟಲಿ. ನ್ಯೂಜೆರ್ಸಿಯಲ್ಲಿ 2012ರವರೆಗೆ ಬ್ರೂವರಿಯಲ್ಲೇ ಕೂತು ಲೋಟದಲ್ಲಿ ಕುಡಿಯಲು ಬಿಡುತ್ತಿರಲಿಲ್ಲ. ಆಮೇಲೂ ಬ್ರೂವರಿ ಸುತ್ತಿ ನೋಡಿದರೆ ಮಾತ್ರ ಲೋಟ ಅನ್ನುವ ನಿಯಮ ಇತ್ತು, 2024ರಲ್ಲಿ ಅದನ್ನು ತೆಗೆದರು. ಬೆಂಗಳೂರಿನಲ್ಲಿ 2010ರಲ್ಲಿ ಇಂದಿರಾನಗರದ ಟಾಯ್ಟ್ ಬಂದ ಮೇಲೆ ಕರಿ ಬೀರು ಅಲ್ಲಿಗೂ ವಾಪಸು ಬಂದಿದೆ. ಈ ಸಲ ರುಚಿಗಾಗಿ, ಯಾರೂ ಅದನ್ನು ಟಾನಿಕ್ ಅನ್ನುತ್ತಿಲ್ಲ. ರುಚಿಗಾಗಿ ಅಪರೂಪಕ್ಕೆ ಗುಟುಕರಿಸುವವರ ಜೊತೆ ನನಗೆ ಜಗಳ ಇಲ್ಲ. ಆದರೆ ಆಲ್ಕೊಹಾಲ್ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ, ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಡ್ಯೂಟಿಯಲ್ಲಿ ಲಿವರ್ ಹಾಳಾದವರ ಹಳದಿ ಕಣ್ಣು ನೋಡುವವಳು ನಾನು, ಇಷ್ಟು ಹೇಳದೆ ಬಿಟ್ಟರೆ ಆಗುವುದಿಲ್ಲ.

ಬಾಟಲಿಗಳನ್ನು ತೊಳೆದು ರೀಸೈಕ್ಲಿಂಗ್ ಡಬ್ಬಿಗೆ ಹಾಕುವಾಗ ಹಿಂದಿನ ಸಣ್ಣ ಅಕ್ಷರ ಓದಿದೆ. ಅಮೆರಿಕದಲ್ಲಿ 1988ರ ಕಾಯ್ದೆಯ ಪ್ರಕಾರ ಪ್ರತಿ ಬಾಟಲಿಯ ಮೇಲೂ ಸರ್ಕಾರದ ಎಚ್ಚರಿಕೆ ಇರಬೇಕು. ಅದರ ಮೊದಲ ಅಂಶವೇ, ಹುಟ್ಟುವ ಮಗುವಿಗೆ ಅಂಗವೈಕಲ್ಯ ಬರುವ ಅಪಾಯ ಇರುವುದರಿಂದ ಗರ್ಭಿಣಿಯರು ಕುಡಿಯಬಾರದು ಅನ್ನುವುದು. ನಮ್ಮ ದೇಶದ ಬಾಟಲಿಗಳ ಮೇಲೆ 2019ರಿಂದ ಕಡ್ಡಾಯವಾದ ಎಚ್ಚರಿಕೆಯಲ್ಲಿ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅಂತ ಇದೆ. ಗರ್ಭಿಣಿ, ಬಾಣಂತಿಯರ ಮಾತು ಅದರಲ್ಲಿಲ್ಲ.